ಅನಿಲ-ಕಂಡೆನ್ಸೇಟ್ ನಿಕ್ಷೇಪಗಳಿಂದ ಉತ್ಪಾದನೆ ಮತ್ತು ಗಣಕ ಮಾದರಿಗಳ ಬಳಕೆ: ಸಾರ್ವಜನಿಕ ಮಾಹಿತಿ

1. ಪೀಠಿಕೆ

ಭೂಗರ್ಭದಿಂದ ಹೊರತೆಗೆಯಲಾಗುವ ನೈಸರ್ಗಿಕ ಅನಿಲವು ಎಲ್ಲ ನಿಕ್ಷೇಪಗಳಲ್ಲಿಯೂ ಒಂದೇ ಸ್ವರೂಪದ್ದಾಗಿರುವುದಿಲ್ಲ. ಕೆಲವು ನಿಕ್ಷೇಪಗಳಿಂದ ಬಹುತೇಕ ಒಣ ಅನಿಲವು ಮಾತ್ರ ದೊರೆಯುತ್ತದೆ. ಇನ್ನು ಕೆಲವು ನಿಕ್ಷೇಪಗಳಿಂದ ಅನಿಲದೊಡನೆ ಪೆಟ್ರೋಲನ್ನು ಹೋಲುವ ತಿಳಿಯಾದ ಹಗುರ ತೈಲವೂ ದೊರೆಯುತ್ತದೆ. ಈ ತೈಲಕ್ಕೆ ಕಂಡೆನ್ಸೇಟ್ ಎಂದೂ, ಇದನ್ನು ನೀಡುವ ನಿಕ್ಷೇಪಕ್ಕೆ ಅನಿಲ-ಕಂಡೆನ್ಸೇಟ್ ನಿಕ್ಷೇಪ ಎಂದೂ ಹೆಸರು.

ಸದರಿ ನಿಕ್ಷೇಪಗಳಿಂದ ಉತ್ಪಾದನೆ ಮಾಡುವಾಗ ವಿಶಿಷ್ಟವಾದ ಒಂದು ತೊಡಕು ಎದುರಾಗುತ್ತದೆ. ಅನಿಲವನ್ನು ಹೊರತೆಗೆದಂತೆ ಒತ್ತಡ ಕುಸಿಯುತ್ತದೆ. ಒತ್ತಡ ಒಂದು ಮಿತಿಗಿಂತ ಕೆಳಗಿಳಿದಾಗ ಹೆಚ್ಚು ಬೆಲೆಯುಳ್ಳ ಕಂಡೆನ್ಸೇಟ್ ಶಿಲೆಯೊಳಗೇ ದ್ರವವಾಗಿ ಉಳಿದುಬಿಡುತ್ತದೆ. ಹಾಗೆ ಉಳಿದ ದ್ರವದ ಬಹುಭಾಗವನ್ನು ಮುಂದೆ ಹೊರತೆಗೆಯುವುದು ಸಾಧ್ಯವಾಗುವುದಿಲ್ಲ. ಆದುದರಿಂದ ಯಾವ ವೇಗದಲ್ಲಿ ಉತ್ಪಾದಿಸಬೇಕು, ಎಷ್ಟು ಬಾವಿಗಳನ್ನು ಕೊರೆಯಬೇಕು, ಅನಿಲವನ್ನು ಮರಳಿ ಒಳಸೇರಿಸಬೇಕೇ ಎಂಬ ನಿರ್ಧಾರಗಳನ್ನು ನಷ್ಟ ಕಣ್ಣಿಗೆ ಬೀಳುವ ಮೊದಲೇ ಕೈಗೊಳ್ಳಬೇಕಾಗುತ್ತದೆ. ಈ ಮುನ್ನೋಟಕ್ಕಾಗಿ ಗಣಕ ಮಾದರಿಗಳನ್ನು ಬಳಸಲಾಗುತ್ತದೆ.

ಭಾರತದ ಸಂವಿಧಾನದ 297ನೇ ಅನುಚ್ಛೇದದ ಅನ್ವಯ ಕಡಲತಳದ ಖನಿಜ ಸಂಪತ್ತು ಒಕ್ಕೂಟದ ಸ್ವತ್ತಾಗಿರುತ್ತದೆ. ಹೀಗಿರುವುದರಿಂದ ಈ ಸಂಪತ್ತಿನ ಪ್ರಮಾಣವನ್ನು ಹೇಗೆ ಲೆಕ್ಕಹಾಕಲಾಗುತ್ತದೆ, ಆ ಲೆಕ್ಕದ ಮೇಲೆ ಎಷ್ಟರಮಟ್ಟಿಗೆ ಭರವಸೆ ಇಡಬಹುದು ಎಂಬುದನ್ನು ನಾಗರಿಕರು ತಿಳಿದಿರುವುದು ಉಪಯುಕ್ತ. ಅನಿಲ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರು, ಮಾಹಿತಿ ಹಕ್ಕಿನಡಿ ಮಾಹಿತಿ ಕೋರುವವರು, ವಿದ್ಯಾರ್ಥಿಗಳು ಹಾಗೂ ಆಸಕ್ತ ಸಾರ್ವಜನಿಕರಿಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

2. ಅನಿಲ-ಕಂಡೆನ್ಸೇಟ್ ನಿಕ್ಷೇಪ ಎಂದರೇನು?

ನಿಕ್ಷೇಪವೆಂದರೆ ನೆಲದಡಿಯಲ್ಲಿರುವ ಟೊಳ್ಳಾದ ಗುಹೆಯಲ್ಲ. ಮರಳುಗಲ್ಲು ಅಥವಾ ಸುಣ್ಣಕಲ್ಲಿನಂತಹ ಶಿಲೆಯ ಅತಿ ಸೂಕ್ಷ್ಮ ರಂಧ್ರಗಳಲ್ಲಿ ಅನಿಲ, ತೈಲ ಮತ್ತು ನೀರು ತುಂಬಿಕೊಂಡಿರುತ್ತವೆ. ಶಿಲೆಯ ಒಟ್ಟು ಗಾತ್ರದಲ್ಲಿ ರಂಧ್ರಗಳ ಪಾಲಿಗೆ ಸರಂಧ್ರತೆ ಎಂದೂ, ರಂಧ್ರಗಳ ಮೂಲಕ ದ್ರವ ಅಥವಾ ಅನಿಲ ಹರಿಯಲು ಶಿಲೆಯು ಕೊಡುವ ಅವಕಾಶಕ್ಕೆ ಪಾರಗಮ್ಯತೆ ಎಂದೂ ಹೇಳಲಾಗುತ್ತದೆ.

ಅನಿಲ-ಕಂಡೆನ್ಸೇಟ್ ನಿಕ್ಷೇಪದಲ್ಲಿರುವ ಮಿಶ್ರಣದ ಮುಖ್ಯ ಅಂಶ ಮೀಥೇನ್. ಇದರೊಡನೆ ಈಥೇನ್, ಪ್ರೊಪೇನ್, ಬ್ಯೂಟೇನ್‌ಗಳೂ, ಏಳು ಅಥವಾ ಅದಕ್ಕಿಂತ ಹೆಚ್ಚು ಇಂಗಾಲದ ಪರಮಾಣುಗಳುಳ್ಳ ಭಾರವಾದ ಹೈಡ್ರೋಕಾರ್ಬನ್‌ಗಳೂ ಅಲ್ಪ ಪ್ರಮಾಣದಲ್ಲಿ ಸೇರಿರುತ್ತವೆ. ಆಳದಲ್ಲಿರುವ ಅಧಿಕ ಒತ್ತಡದಲ್ಲಿ ಇವೆಲ್ಲವೂ ಒಂದೇ ಅನಿಲವಾಗಿ ಬೆರೆತಿರುತ್ತವೆ. ಮೇಲ್ಮೈಗೆ ಬಂದು ಒತ್ತಡ ಮತ್ತು ಉಷ್ಣತೆ ಇಳಿದಾಗ ಭಾರವಾದ ಅಂಶಗಳು ದ್ರವವಾಗಿ ಬೇರ್ಪಡುತ್ತವೆ. ಈ ದ್ರವವನ್ನು ತೈಲ ಸಂಸ್ಕರಣಾಗಾರಗಳಿಗೆ ಹಾಗೂ ಪೆಟ್ರೋರಾಸಾಯನಿಕ ಘಟಕಗಳಿಗೆ ಕಚ್ಚಾವಸ್ತುವಾಗಿ ಕಳುಹಿಸಲಾಗುತ್ತದೆ.

3. ಹಿಮ್ಮುಖ ದ್ರವೀಕರಣ

ಸಾಮಾನ್ಯ ಅನುಭವದಲ್ಲಿ ಅನಿಲವನ್ನು ಒತ್ತಿದರೆ ಅದು ದ್ರವವಾಗುತ್ತದೆ. ಒತ್ತಡವನ್ನು ಸಡಿಲಿಸಿದರೆ ದ್ರವವು ಪುನಃ ಅನಿಲವಾಗುತ್ತದೆ. ಮನೆಯ ಅಡುಗೆ ಅನಿಲದ ಸಿಲಿಂಡರಿನಲ್ಲಿ ನಡೆಯುವುದು ಇದೇ. ಆದರೆ ಕೆಲವು ಮಿಶ್ರಣಗಳು ನಿರ್ದಿಷ್ಟ ಉಷ್ಣತೆಯ ವ್ಯಾಪ್ತಿಯಲ್ಲಿ ಇದಕ್ಕೆ ವಿರುದ್ಧವಾಗಿ ವರ್ತಿಸುತ್ತವೆ: ಒತ್ತಡ ಇಳಿದಾಗಲೇ ಅವುಗಳಿಂದ ದ್ರವ ಒಸರುತ್ತದೆ. ಇದಕ್ಕೆ ಹಿಮ್ಮುಖ ದ್ರವೀಕರಣ ಎಂದು ಹೆಸರು. ಡಚ್ ಭೌತವಿಜ್ಞಾನಿ ಯೋಹಾನಸ್ ಕ್ಯೂನನ್ ಅವರು 1892ರಲ್ಲಿ ಇದನ್ನು ಗುರುತಿಸಿದರು.

ನಿಕ್ಷೇಪದ ಉಷ್ಣತೆಯು ಮಿಶ್ರಣದ ಕ್ರಾಂತಿಕ ಉಷ್ಣತೆಗಿಂತ ಹೆಚ್ಚಾಗಿದ್ದು, ದ್ರವ ಇರಲು ಸಾಧ್ಯವಿರುವ ಗರಿಷ್ಠ ಉಷ್ಣತೆಗಿಂತ ಕಡಿಮೆ ಇದ್ದಾಗ ಈ ವಿದ್ಯಮಾನ ಕಂಡುಬರುತ್ತದೆ. ಅಧಿಕ ಒತ್ತಡದಲ್ಲಿ ದಟ್ಟವಾಗಿರುವ ಮೀಥೇನ್, ಭಾರವಾದ ಅಂಶಗಳನ್ನು ತನ್ನಲ್ಲಿ ಕರಗಿಸಿ ಹಿಡಿದಿಟ್ಟುಕೊಂಡಿರುತ್ತದೆ. ಒತ್ತಡ ಇಳಿದು ಮೀಥೇನ್ ತೆಳುವಾದಂತೆ ಅದರ ಹಿಡಿದಿಡುವ ಶಕ್ತಿ ಕುಗ್ಗಿ, ಭಾರವಾದ ಅಂಶಗಳು ಹನಿಗಳಾಗಿ ಹೊರಬೀಳುತ್ತವೆ. ಮೊದಲ ಹನಿ ಕಾಣಿಸಿಕೊಳ್ಳುವ ಒತ್ತಡಕ್ಕೆ ಇಬ್ಬನಿ ಬಿಂದುವಿನ ಒತ್ತಡ ಎನ್ನಲಾಗುತ್ತದೆ.

ಒತ್ತಡವು ಇನ್ನೂ ಬಹಳ ಕೆಳಗಿಳಿದರೆ ದ್ರವದ ಒಂದು ಭಾಗ ಪುನಃ ಆವಿಯಾಗುತ್ತದೆ. ಆದರೆ ಅಷ್ಟು ಹೊತ್ತಿಗೆ ಅನಿಲದ ಬಹುಭಾಗ ಹೊರಹೋಗಿದ್ದು, ನಿಕ್ಷೇಪದಲ್ಲಿ ಉಳಿದ ಮಿಶ್ರಣವು ಮೊದಲಿಗಿಂತ ಭಾರವಾಗಿರುತ್ತದೆ. ಆದುದರಿಂದ ಈ ಮರು ಆವಿಯಾಗುವಿಕೆಯಿಂದ ಕಳೆದುಕೊಂಡ ಕಂಡೆನ್ಸೇಟ್‌ನ ಅಲ್ಪಾಂಶ ಮಾತ್ರ ಕೈಸೇರುತ್ತದೆ.

4. ಬಾವಿಯ ಸುತ್ತ ಉಂಟಾಗುವ ತಡೆ

ಶಿಲೆಯಲ್ಲಿ ಬಿದ್ದ ದ್ರವವು ಕೂಡಲೇ ಹರಿಯುವುದಿಲ್ಲ. ರಂಧ್ರಗಳ ಗೋಡೆಗೂ ಮೂಲೆಗಳಿಗೂ ಅಂಟಿಕೊಂಡು ನಿಲ್ಲುತ್ತದೆ. ರಂಧ್ರಗಳಲ್ಲಿ ಅದರ ಪಾಲು ಒಂದು ಮಿತಿಯನ್ನು ದಾಟಿದ ನಂತರವೇ ಅದು ಚಲಿಸಲಾರಂಭಿಸುತ್ತದೆ. ಈ ನಡುವೆ ಅನಿಲ ಹರಿಯಬೇಕಾದ ದಾರಿ ಕಿರಿದಾಗುತ್ತದೆ.

ಉತ್ಪಾದನೆ ನಡೆಯುತ್ತಿರುವ ನಿಕ್ಷೇಪದಲ್ಲಿ ಬಾವಿಯ ಬುಡದಲ್ಲಿ ಒತ್ತಡವು ಅತಿ ಕಡಿಮೆ ಇರುತ್ತದೆ. ಆದುದರಿಂದ ದ್ರವ ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ. ಮೇಲಾಗಿ ದೂರದಿಂದ ಹರಿದುಬರುವ ಅನಿಲವೆಲ್ಲವೂ ಇದೇ ವಲಯದ ಮೂಲಕ ಹಾದುಹೋಗುತ್ತಾ ತನ್ನಲ್ಲಿರುವ ದ್ರವದ ಪಾಲನ್ನು ಇಲ್ಲಿ ಬಿಡುತ್ತಾ ಹೋಗುತ್ತದೆ. ಹೀಗಾಗಿ ಪ್ರಯೋಗಾಲಯದ ಪಾತ್ರೆಯಲ್ಲಿ ಕಂಡುಬರುವುದಕ್ಕಿಂತ ಎಷ್ಟೋ ಪಟ್ಟು ಅಧಿಕ ದ್ರವವು ಬಾವಿಯ ಸುತ್ತ ಶೇಖರಗೊಳ್ಳುತ್ತದೆ.

ಉತ್ಪಾದನೆಯ ಕಾಲದಲ್ಲಿ ನಿಕ್ಷೇಪವನ್ನು ಮೂರು ವಲಯಗಳಾಗಿ ಪರಿಗಣಿಸುವುದು ವಾಡಿಕೆಯಲ್ಲಿದೆ:

(ಅ) ಒಳವಲಯ: ಬಾವಿಗೆ ಹತ್ತಿರ, ಅನಿಲ ಮತ್ತು ದ್ರವ ಎರಡೂ ಹರಿಯುತ್ತವೆ.
(ಆ) ನಡುವಲಯ: ದ್ರವ ಬೀಳುತ್ತಿರುತ್ತದೆ, ಆದರೆ ಹರಿಯುವುದಿಲ್ಲ, ಅನಿಲ ಮಾತ್ರ ಹರಿಯುತ್ತದೆ.
(ಇ) ಹೊರವಲಯ: ಒತ್ತಡವು ಇಬ್ಬನಿ ಬಿಂದುವಿಗಿಂತ ಮೇಲಿರುತ್ತದೆ, ಹೈಡ್ರೋಕಾರ್ಬನ್‌ಗಳೆಲ್ಲವೂ ಅನಿಲ ರೂಪದಲ್ಲಿಯೇ ಇರುತ್ತವೆ.

ಉದಾಹರಣೆ: ಒಂದು ಬಾವಿಯ ತ್ರಿಜ್ಯ 10 ಸೆಂಟಿಮೀಟರ್ ಎಂದೂ, ಅದಕ್ಕೆ ಅನಿಲ ಒದಗಿಸುವ ಪ್ರದೇಶದ ತ್ರಿಜ್ಯ 500 ಮೀಟರ್ ಎಂದೂ ಭಾವಿಸೋಣ. ವೃತ್ತಾಕಾರದ ಸ್ಥಿರ ಹರಿವಿನಲ್ಲಿ ಒತ್ತಡದ ಇಳಿಕೆಯು ತ್ರಿಜ್ಯಗಳ ಅನುಪಾತದ ಲಾಗರಿದಮ್‌ಗೆ ಅನುಗುಣವಾಗಿರುತ್ತದೆ. ಈ ಲೆಕ್ಕದಂತೆ ಒಟ್ಟು ಒತ್ತಡ ಇಳಿಕೆಯ ಶೇಕಡ 46ರಷ್ಟು ಭಾಗವು ಬಾವಿಯಿಂದ ಕೇವಲ 5 ಮೀಟರ್ ಒಳಗೆ ಸಂಭವಿಸುತ್ತದೆ; ಆದರೆ ಈ ವಲಯದ ವಿಸ್ತೀರ್ಣ ಒಟ್ಟು ಪ್ರದೇಶದ ಹತ್ತು ಸಾವಿರದಲ್ಲಿ ಒಂದು ಭಾಗ ಮಾತ್ರ. ದ್ರವ ಶೇಖರಣೆಯಿಂದಾಗಿ ಈ 5 ಮೀಟರ್ ವಲಯದಲ್ಲಿ ಮಾತ್ರ ಅನಿಲದ ಹರಿವಿನ ಸರಾಗತೆ ಮೂರನೆಯ ಒಂದು ಭಾಗಕ್ಕೆ ಇಳಿದರೆ, ಬಾವಿಯ ಒಟ್ಟು ಉತ್ಪಾದನೆ ಸುಮಾರು ಶೇಕಡ 52ಕ್ಕೆ ಕುಸಿಯುತ್ತದೆ. ನಿಕ್ಷೇಪದ ಉಳಿದ ಭಾಗವೆಲ್ಲ ಯಥಾಸ್ಥಿತಿಯಲ್ಲಿದ್ದರೂ ಬಾವಿ ಅರ್ಧದಷ್ಟು ಸೊರಗುತ್ತದೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

5. ಅರುನ್ ನಿಕ್ಷೇಪದ ಅನುಭವ

ಇಂಡೋನೇಷ್ಯಾ ದೇಶದ ಸುಮಾತ್ರಾ ದ್ವೀಪದ ಉತ್ತರ ತುದಿಯ ಆಚೆ ಪ್ರಾಂತದಲ್ಲಿರುವ ಅರುನ್ ನಿಕ್ಷೇಪವು ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುವ ನಿದರ್ಶನ. 1971ರಲ್ಲಿ ಪತ್ತೆಯಾದ ಈ ಬೃಹತ್ ನಿಕ್ಷೇಪವು ಸುಣ್ಣಕಲ್ಲಿನ ಶಿಲೆಯಲ್ಲಿದೆ. ಆರಂಭದಲ್ಲಿ ಇದರ ಒತ್ತಡ ಚದರ ಅಂಗುಲಕ್ಕೆ ಸುಮಾರು 7,100 ಪೌಂಡ್, ಅಂದರೆ ವಾಯುಮಂಡಲದ ಒತ್ತಡದ ಸುಮಾರು 480 ಪಟ್ಟು. ಉಷ್ಣತೆ ಸುಮಾರು 178 ಡಿಗ್ರಿ ಸೆಲ್ಸಿಯಸ್. ಇಬ್ಬನಿ ಬಿಂದುವಿನ ಒತ್ತಡ ಸುಮಾರು 4,400 ಪೌಂಡ್ ಆಗಿತ್ತು.

ಪ್ರಯೋಗಾಲಯದ ಪರೀಕ್ಷೆಯಲ್ಲಿ ಅರುನ್ ಅನಿಲದಿಂದ ಬೀಳುವ ದ್ರವವು ಗರಿಷ್ಠ ಎಂದರೂ ಪಾತ್ರೆಯ ಗಾತ್ರದ ಶೇಕಡ 1ಕ್ಕಿಂತ ತುಸು ಅಧಿಕವಾಗಿತ್ತು, ಅಷ್ಟೆ. ಇಷ್ಟು ಅಲ್ಪ ದ್ರವದಿಂದ ಬಾವಿಗಳಿಗೆ ತೊಂದರೆಯಾಗದು ಎಂದು ಭಾವಿಸುವುದು ಸಹಜವೇ ಆಗಿತ್ತು. ಆದಾಗ್ಯೂ ಒತ್ತಡವು ಇಬ್ಬನಿ ಬಿಂದುವಿನತ್ತ ಇಳಿದ ನಂತರ ಕೆಲವು ಬಾವಿಗಳ ಉತ್ಪಾದನಾ ಸಾಮರ್ಥ್ಯವು ಅರ್ಧದಷ್ಟು ಕುಸಿಯಿತು. ಪರಿಶೀಲನೆಯಿಂದ ಬಾವಿಗಳ ಸುತ್ತ ಕಂಡೆನ್ಸೇಟ್ ಶೇಖರಗೊಂಡಿರುವುದು ತಿಳಿದುಬಂದಿತು. ಪಾತ್ರೆಯಲ್ಲಿ ಕಾಣುವ ದ್ರವದ ಪ್ರಮಾಣವೊಂದನ್ನೇ ಆಧರಿಸಿ ಬಾವಿಯ ಭವಿಷ್ಯವನ್ನು ನಿರ್ಣಯಿಸಬಾರದು ಎಂಬ ಪಾಠವನ್ನು ಅರುನ್ ಕಲಿಸಿತು.

ಅರುನ್ ಅನಿಲವನ್ನು ದ್ರವೀಕರಿಸಿ ಹಡಗುಗಳ ಮೂಲಕ ರಫ್ತು ಮಾಡುವ ಕಾರ್ಯ 1978ರಿಂದ ನಡೆದು 2014ರಲ್ಲಿ ಕೊನೆಗೊಂಡಿತು. ತರುವಾಯ ಅದೇ ಸ್ಥಾವರವನ್ನು ಹೊರಗಿನಿಂದ ಬರುವ ದ್ರವೀಕೃತ ಅನಿಲವನ್ನು ಸ್ವೀಕರಿಸುವ ಕೇಂದ್ರವಾಗಿ ಮಾರ್ಪಡಿಸಲಾಯಿತು. ಅನಿಲ ಮಾರುತ್ತಿದ್ದ ಊರು ಅನಿಲ ತರಿಸುವ ಊರಾಯಿತು.

6. ಗಣಕ ಮಾದರಿಯ ರಚನೆ

ನಿಕ್ಷೇಪದ ಗಣಕ ಮಾದರಿಯನ್ನು ಸಾಮಾನ್ಯವಾಗಿ ಈ ಕೆಳಕಂಡ ಹಂತಗಳಲ್ಲಿ ಸಿದ್ಧಪಡಿಸಲಾಗುತ್ತದೆ.

6.1 ದ್ರವ ಮಾದರಿಗಳ ಸಂಗ್ರಹಣೆ ಮತ್ತು ಪರೀಕ್ಷೆ

ಬಾವಿಯಿಂದ ಅನಿಲ ಹಾಗೂ ಕಂಡೆನ್ಸೇಟ್ ಸಂಗ್ರಹಿಸಿ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗುತ್ತದೆ. ಮಿಶ್ರಣದ ಪ್ರಮಾಣವನ್ನು ಬದಲಿಸದೆ ಒತ್ತಡವನ್ನು ಮಾತ್ರ ಇಳಿಸುತ್ತಾ ಇಬ್ಬನಿ ಬಿಂದುವನ್ನು ಗುರುತಿಸುವುದು ಒಂದು ಪರೀಕ್ಷೆ. ಪಾತ್ರೆಯ ಗಾತ್ರವನ್ನು ಸ್ಥಿರವಾಗಿಟ್ಟು ಹೆಚ್ಚುವರಿ ಅನಿಲವನ್ನು ಹಂತಹಂತವಾಗಿ ಹೊರಬಿಟ್ಟು, ಉಳಿಯುವ ದ್ರವವನ್ನು ಅಳೆಯುವುದು ಇನ್ನೊಂದು ಪರೀಕ್ಷೆ. ಇದು ನಿಕ್ಷೇಪದಲ್ಲಿ ನಡೆಯುವುದನ್ನು ಹೋಲುತ್ತದೆ.

ಮಾದರಿಯ ಸಂಗ್ರಹಣೆ ತಡವಾಗಬಾರದು. ಬಾವಿಯ ಬುಡದ ಒತ್ತಡವು ಇಬ್ಬನಿ ಬಿಂದುವಿಗಿಂತ ಕೆಳಗಿಳಿದ ಮೇಲೆ ಸಂಗ್ರಹಿಸಿದರೆ, ಭಾರವಾದ ಅಂಶಗಳು ಆಗಲೇ ಶಿಲೆಯಲ್ಲಿ ಉಳಿದಿರುವುದರಿಂದ ಮೂಲ ಮಿಶ್ರಣದ ಸ್ವರೂಪ ತಿಳಿಯುವುದಿಲ್ಲ. ಈ ಹಂತದ ದೋಷವನ್ನು ಮುಂದಿನ ಯಾವ ಗಣಕ ಲೆಕ್ಕವೂ ಸರಿಪಡಿಸಲಾರದು.

6.2 ಸ್ಥಿತಿ ಸಮೀಕರಣ

ಒತ್ತಡ, ಗಾತ್ರ ಮತ್ತು ಉಷ್ಣತೆಗಳ ಸಂಬಂಧವನ್ನು ಸೂಚಿಸುವ ಗಣಿತ ಸೂತ್ರಕ್ಕೆ ಸ್ಥಿತಿ ಸಮೀಕರಣ ಎಂದು ಹೆಸರು. ವಾನ್ ಡರ್ ವಾಲ್ಸ್ ಅವರು 1873ರಲ್ಲಿ ಮಂಡಿಸಿದ ಸಮೀಕರಣವು ಇದಕ್ಕೆ ತಳಹದಿ. ಇಂದು ನಿಕ್ಷೇಪಗಳ ಅಧ್ಯಯನದಲ್ಲಿ 1972ರ ಸೋವೆ ಸುಧಾರಿತ ಸಮೀಕರಣ ಹಾಗೂ 1976ರ ಪೆಂಗ್-ರಾಬಿನ್ಸನ್ ಸಮೀಕರಣಗಳು ವ್ಯಾಪಕ ಬಳಕೆಯಲ್ಲಿವೆ. ಪ್ರಯೋಗಾಲಯದ ಅಳತೆಗಳಿಗೆ ಹೊಂದುವಂತೆ ಸಮೀಕರಣದ ಕೆಲವು ಮೌಲ್ಯಗಳನ್ನು, ಮುಖ್ಯವಾಗಿ ಭಾರವಾದ ಅಂಶಗಳಿಗೆ ಸಂಬಂಧಿಸಿದವನ್ನು, ತಿದ್ದಲಾಗುತ್ತದೆ.

6.3 ಶಿಲೆಯ ವಿಭಜನೆ

ಭೂಕಂಪನ ಅಲೆಗಳ ಸಮೀಕ್ಷೆ, ಬಾವಿಗಳ ದಾಖಲೆ ಹಾಗೂ ಶಿಲಾ ತುಣುಕುಗಳ ಪರೀಕ್ಷೆಯ ಆಧಾರದ ಮೇಲೆ ನಿಕ್ಷೇಪವನ್ನು ಸಾವಿರಾರು ಅಥವಾ ಲಕ್ಷಾಂತರ ಕೋಶಗಳಾಗಿ ವಿಭಾಗಿಸಲಾಗುತ್ತದೆ. ಪ್ರತಿಯೊಂದು ಕೋಶಕ್ಕೂ ಸರಂಧ್ರತೆ, ಪಾರಗಮ್ಯತೆ, ಒತ್ತಡ ಹಾಗೂ ದ್ರವದ ಪಾಲನ್ನು ನಿಗದಿಪಡಿಸಲಾಗುತ್ತದೆ.

ಇಲ್ಲಿ ಕೋಶಗಳ ಅಳತೆಗೆ ವಿಶೇಷ ಮಹತ್ವವಿದೆ. 4ನೇ ಕಂಡಿಕೆಯ ಉದಾಹರಣೆಯಲ್ಲಿ ಬಾವಿಯ ಭವಿಷ್ಯವನ್ನು ನಿರ್ಧರಿಸಿದ್ದು 5 ಮೀಟರ್ ವಲಯ. ಕೋಶದ ಅಗಲ 100 ಮೀಟರ್ ಇದ್ದರೆ ಆ ವಲಯವು ಮಾದರಿಯಲ್ಲಿ ಕಾಣಿಸುವುದೇ ಇಲ್ಲ. ದ್ರವದ ಪಾಲು ಸರಾಸರಿಯಲ್ಲಿ ಕರಗಿಹೋಗುತ್ತದೆ ಮತ್ತು ಮಾದರಿಯು ವಾಸ್ತವಕ್ಕಿಂತ ಅಧಿಕ ಉತ್ಪಾದನೆಯನ್ನು ತೋರಿಸುತ್ತದೆ. ಆದುದರಿಂದ ಬಾವಿಯ ಸುತ್ತ ಕೋಶಗಳನ್ನು ಚಿಕ್ಕದಾಗಿ ಕತ್ತರಿಸಲಾಗುತ್ತದೆ, ಇಲ್ಲವೇ ಬಾವಿಯ ಬಳಿಯ ಹರಿವನ್ನು ಪ್ರತ್ಯೇಕ ಸೂತ್ರದಿಂದ ಲೆಕ್ಕಹಾಕಲಾಗುತ್ತದೆ. ಇಂತಹ ಒಂದು ವಿಧಾನವನ್ನು ಫೆವಾಂಗ್ ಮತ್ತು ವಿಟ್ಸನ್ ಅವರು 1996ರಲ್ಲಿ ಪ್ರಕಟಿಸಿದರು.

6.4 ಹರಿವಿನ ಲೆಕ್ಕ

ಪ್ರತಿಯೊಂದು ಕಾಲಾವಧಿಗೂ ಎರಡು ನಿಯಮಗಳನ್ನು ಅನ್ವಯಿಸಲಾಗುತ್ತದೆ. ಮೊದಲನೆಯದು ದ್ರವ್ಯರಾಶಿಯ ಸಂರಕ್ಷಣೆ: ಕೋಶಕ್ಕೆ ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಉಳಿಯುವುದು ಸಂಗ್ರಹದಲ್ಲಾದ ಬದಲಾವಣೆಗೆ ಸಮನಾಗಿರಬೇಕು. ಎರಡನೆಯದು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ ಅವರು 1856ರಲ್ಲಿ ಪ್ರಕಟಿಸಿದ ಹರಿವಿನ ನಿಯಮ. ಸಂಯೋಜನಾ ಮಾದರಿ ಎಂಬ ವಿಧಾನದಲ್ಲಿ ಮೀಥೇನ್ ಮೊದಲ್ಗೊಂಡು ಪ್ರತಿಯೊಂದು ಘಟಕದ ಲೆಕ್ಕವನ್ನೂ ಪ್ರತ್ಯೇಕವಾಗಿ ಇಡಲಾಗುತ್ತದೆ. ಸರಳ ವಿಧಾನದಲ್ಲಿ ಅನಿಲ ಮತ್ತು ತೈಲ ಎಂಬ ಎರಡೇ ಘಟಕಗಳಿರುತ್ತವೆ. ಅನಿಲವನ್ನು ಮರಳಿ ಒಳಸೇರಿಸುವ ಯೋಜನೆಗಳಿಗೆ ಸಾಮಾನ್ಯವಾಗಿ ಮೊದಲನೆಯ ವಿಧಾನವನ್ನು ಆಯ್ದುಕೊಳ್ಳಲಾಗುತ್ತದೆ.

ಬಾವಿಯ ಬುಡದಲ್ಲಿ ಹರಿವಿನ ವೇಗ ಅತ್ಯಧಿಕವಾಗಿರುವುದರಿಂದ ಎರಡು ಪರಸ್ಪರ ವಿರುದ್ಧ ಪರಿಣಾಮಗಳನ್ನು ಸೇರಿಸಬೇಕಾಗುತ್ತದೆ. ವೇಗದ ಸೆಳೆತವು ಅಂಟಿದ ದ್ರವವನ್ನು ಕಿತ್ತು ಸಾಗಿಸಿ ಹರಿವನ್ನು ಸುಗಮಗೊಳಿಸುತ್ತದೆ. ಅದೇ ವೇಗವು ಜಡತ್ವದ ಕಾರಣದಿಂದ ಹೆಚ್ಚುವರಿ ಒತ್ತಡ ನಷ್ಟವನ್ನೂ ಉಂಟುಮಾಡುತ್ತದೆ. ಇವುಗಳಲ್ಲಿ ಒಂದನ್ನು ಮಾತ್ರ ಪರಿಗಣಿಸಿದಲ್ಲಿ ಫಲಿತಾಂಶ ದಾರಿ ತಪ್ಪುತ್ತದೆ.

6.5 ಇತಿಹಾಸದೊಡನೆ ತಾಳೆ

ಉತ್ಪಾದನೆ ಆರಂಭವಾದ ನಂತರ ಬಾವಿಗಳಲ್ಲಿ ಅಳೆದ ಒತ್ತಡ ಹಾಗೂ ಉತ್ಪಾದನೆಯ ದಾಖಲೆಗಳನ್ನು ಮಾದರಿಯ ಫಲಿತಾಂಶದೊಡನೆ ಹೋಲಿಸಿ, ವ್ಯತ್ಯಾಸ ಕಂಡುಬಂದಲ್ಲಿ ಮಾದರಿಯನ್ನು ತಿದ್ದಲಾಗುತ್ತದೆ. ಈ ಕಾರ್ಯವು ಉತ್ಪಾದನೆಯ ಅವಧಿಯುದ್ದಕ್ಕೂ ಮುಂದುವರಿಯುತ್ತದೆ.

7. ಒಂದೇ ನಿಕ್ಷೇಪಕ್ಕೆ ಒಂಬತ್ತು ಉತ್ತರಗಳು

ಅಂತರರಾಷ್ಟ್ರೀಯ ಪೆಟ್ರೋಲಿಯಂ ಎಂಜಿನಿಯರುಗಳ ಸಂಘದ ಆಶ್ರಯದಲ್ಲಿ ನಡೆದ ಮೂರನೆಯ ತುಲನಾತ್ಮಕ ಅಧ್ಯಯನದ ಫಲಿತಾಂಶ 1987ರಲ್ಲಿ ಪ್ರಕಟವಾಯಿತು. ಕೆನ್ಯನ್ ಮತ್ತು ಬೇಹಿ ಅವರು ವರದಿ ಮಾಡಿದ ಈ ಅಧ್ಯಯನದಲ್ಲಿ ಕಾಲ್ಪನಿಕವಾದ ಒಂದು ಅನಿಲ-ಕಂಡೆನ್ಸೇಟ್ ನಿಕ್ಷೇಪದ ವಿವರಗಳನ್ನು ಒಂಬತ್ತು ಕಂಪನಿಗಳಿಗೆ ನೀಡಲಾಗಿತ್ತು. ಮಾದರಿಯಲ್ಲಿ 9, 9 ಮತ್ತು 4ರ ಗುಣಲಬ್ಧವಾದ 324 ಕೋಶಗಳಿದ್ದವು. ಕಂಡೆನ್ಸೇಟ್ ಬೇರ್ಪಡಿಸಿದ ಅನಿಲವನ್ನು ಮರಳಿ ಒಳಸೇರಿಸುತ್ತಾ ಹೋದರೆ ಎಷ್ಟು ದ್ರವ ದೊರೆಯುತ್ತದೆ ಎಂಬುದನ್ನು ಪ್ರತಿ ಕಂಪನಿಯೂ ತನ್ನ ಗಣಕ ಕ್ರಮವಿಧಿಯಿಂದ ಲೆಕ್ಕಹಾಕಬೇಕಾಗಿತ್ತು.

ದತ್ತಾಂಶ ಒಂದೇ ಆಗಿದ್ದರೂ ಉತ್ತರಗಳು ಒಂದೇ ಆಗಿರಲಿಲ್ಲ. ಉತ್ಪಾದನಾ ಬಾವಿಯ ಸುತ್ತ ಬೀಳುವ ದ್ರವದ ಪ್ರಮಾಣ ಹಾಗೂ ಅದು ಮರಳಿ ಆವಿಯಾಗುವ ವೇಗದ ಬಗ್ಗೆ ವ್ಯಾಪಕ ಭಿನ್ನತೆ ಕಂಡುಬಂದಿತು. ಮೊದಲೇ ಸಿದ್ಧಪಡಿಸಿದ ಕೋಷ್ಟಕಗಳನ್ನು ಬಳಸಿದ ಮಾದರಿಗಳಲ್ಲಿ ದ್ರವವು ಕೊನೆಯ ವರ್ಷಗಳಲ್ಲಿ ಬೇಗನೆ ಸಂಪೂರ್ಣವಾಗಿ ಆವಿಯಾಯಿತು. ಸ್ಥಿತಿ ಸಮೀಕರಣ ಬಳಸಿದ ಮಾದರಿಗಳಲ್ಲಿ ಅದು ಎಂದೂ ಪೂರ್ಣವಾಗಿ ಆವಿಯಾಗಲಿಲ್ಲ. ಆ ವಲಯದ ಮಿಶ್ರಣಗಳನ್ನು ಪ್ರಯೋಗಾಲಯದ ಅಳತೆಗಳು ಒಳಗೊಂಡಿರದ ಕಾರಣ, ಯಾವ ಉತ್ತರ ಸತ್ಯಕ್ಕೆ ಹೆಚ್ಚು ಹತ್ತಿರ ಎಂದು ಹೇಳಲಾಗದು ಎಂದು ವರದಿಕಾರರು ದಾಖಲಿಸಿದರು. ಅಳತೆಯಿಲ್ಲದ ಕಡೆ ಗಣಕಯಂತ್ರವು ನೀಡುವ ಅಂಕಿಯು ಊಹೆಯೇ ಹೊರತು ಪ್ರಮಾಣವಲ್ಲ ಎಂಬುದಕ್ಕೆ ಇದು ನಿದರ್ಶನ.

8. ಮಾದರಿಯ ಆಧಾರದ ಮೇಲೆ ಕೈಗೊಳ್ಳುವ ನಿರ್ಧಾರಗಳು

ಮಾದರಿಯ ನೆರವಿನಿಂದ ಈ ಕೆಳಕಂಡ ಆಯ್ಕೆಗಳನ್ನು ಪರಸ್ಪರ ಹೋಲಿಸಲಾಗುತ್ತದೆ:

(1) ಸಹಜ ಉತ್ಪಾದನೆ: ಒತ್ತಡ ತಾನಾಗಿ ಇಳಿಯಲು ಬಿಟ್ಟು ಅನಿಲ ಮಾರುವುದು. ಆರಂಭಿಕ ವೆಚ್ಚ ಕಡಿಮೆ, ವರಮಾನ ಬೇಗನೆ ಬರುತ್ತದೆ. ಆದರೆ ಕಂಡೆನ್ಸೇಟ್‌ನ ದೊಡ್ಡ ಭಾಗ ನೆಲದಲ್ಲಿ ಉಳಿಯುತ್ತದೆ.

(2) ಅನಿಲದ ಮರುಸೇರ್ಪಡೆ: ಕಂಡೆನ್ಸೇಟ್ ಬೇರ್ಪಡಿಸಿದ ಒಣ ಅನಿಲವನ್ನು ಪುನಃ ನಿಕ್ಷೇಪಕ್ಕೆ ಒತ್ತುವುದು. ಒತ್ತಡ ಉಳಿಯುತ್ತದೆ, ದ್ರವ ಆವಿಯಾಗಿ ಹೊರಬರುತ್ತದೆ. ಆದರೆ ಸಂಕೋಚಕ ಯಂತ್ರಗಳ ವೆಚ್ಚ ಅಧಿಕ. ಅನಿಲದ ಮಾರಾಟವೂ ಮುಂದಕ್ಕೆ ಹೋಗುತ್ತದೆ. ಕಜಕಿಸ್ತಾನದ ಕರಚಗನಕ್ ನಿಕ್ಷೇಪದಲ್ಲಿ ಅಧಿಕ ಒತ್ತಡದಲ್ಲಿ ಅನಿಲವನ್ನು ಮರಳಿ ಸೇರಿಸಲಾಗುತ್ತಿದೆ.

(3) ಬಾವಿಯ ಸುಧಾರಣೆ: ಅಡ್ಡ ಬಾವಿಗಳನ್ನು ಕೊರೆಯುವುದು ಅಥವಾ ಒತ್ತಡದ ದ್ರವದಿಂದ ಶಿಲೆಯನ್ನು ಸೀಳುವುದು. ಹರಿವಿನ ಹಾದಿ ವಿಶಾಲವಾಗುವುದರಿಂದ ಬಾವಿಯ ಬುಡದಲ್ಲಿ ಒತ್ತಡದ ಇಳಿಕೆ ಕಡಿಮೆಯಾಗುತ್ತದೆ.

(4) ರಾಸಾಯನಿಕ ಉಪಚಾರ: ಮೆಥನಾಲ್‌ನಂತಹ ದ್ರಾವಕವನ್ನು ಬಾವಿಯೊಳಗೆ ಒತ್ತಿ ಶೇಖರಗೊಂಡ ದ್ರವವನ್ನು ತೆರವುಗೊಳಿಸುವುದು. ಅಮೆರಿಕದ ಅಲಬಾಮಾ ರಾಜ್ಯದ ಹ್ಯಾಟರ್ಸ್ ಪಾಂಡ್ ನಿಕ್ಷೇಪದಲ್ಲಿ ಇದನ್ನು ಪ್ರಯೋಗಿಸಲಾಗಿದೆ. ಒತ್ತಡ ಇಳಿದೇ ಇರುವುದರಿಂದ ದ್ರವವು ಕಾಲಕ್ರಮದಲ್ಲಿ ಪುನಃ ಸೇರಿಕೊಳ್ಳುತ್ತದೆ.

ಎರಡನೆಯ ಆಯ್ಕೆಯನ್ನು ಒತ್ತಡ ಇಳಿಯುವ ಮುನ್ನ ಆರಂಭಿಸಿದಲ್ಲಿ ಮಾತ್ರ ಪೂರ್ಣ ಪ್ರಯೋಜನ ದೊರೆಯುತ್ತದೆ.

9. ಮಾದರಿಗಳ ಮಿತಿ

(ಅ) ಭಿನ್ನವಾದ ಹಲವು ಮಾದರಿಗಳು ಹಿಂದಿನ ದಾಖಲೆಯೊಡನೆ ಸಮನಾಗಿ ತಾಳೆಯಾಗಬಹುದು. ಆದರೆ ಅವು ಮುಂದಿನ ಕಾಲಕ್ಕೆ ಬೇರೆಬೇರೆ ಫಲಿತಾಂಶ ನೀಡಬಹುದು.
(ಆ) ಬಾವಿಗಳ ನಡುವಿನ ಶಿಲೆಯ ಗುಣಗಳನ್ನು ನೇರವಾಗಿ ಅಳೆಯಲಾಗುವುದಿಲ್ಲ, ಅಂದಾಜು ಮಾಡಲಾಗುತ್ತದೆ.
(ಇ) ಒತ್ತಡವು ಇಬ್ಬನಿ ಬಿಂದುವಿಗಿಂತ ಮೇಲಿರುವಷ್ಟು ಕಾಲದ ದಾಖಲೆಯಿಂದ, ಅದಕ್ಕಿಂತ ಕೆಳಗಿನ ವರ್ತನೆ ತಿಳಿಯುವುದಿಲ್ಲ.

ಈ ಕಾರಣಗಳಿಂದ ಫಲಿತಾಂಶವನ್ನು ಒಂದೇ ಅಂಕಿಯಾಗಿ ನೀಡದೆ ಕನಿಷ್ಠ, ಮಧ್ಯಮ ಹಾಗೂ ಗರಿಷ್ಠ ಅಂದಾಜುಗಳಾಗಿ ನೀಡುವುದು ಅಂಗೀಕೃತ ಪದ್ಧತಿ. ಪತ್ರಿಕೆಗಳಲ್ಲಿ ಪ್ರಕಟವಾಗುವ ನಿಕ್ಷೇಪದ ಅಂಕಿಗಳನ್ನು ಓದುವಾಗ, ಅದು ನೆಲದಲ್ಲಿರುವ ಒಟ್ಟು ಪ್ರಮಾಣವೋ ಅಥವಾ ಹೊರತೆಗೆಯಲು ಸಾಧ್ಯವಿರುವ ಪ್ರಮಾಣವೋ ಎಂಬುದನ್ನು ಮೊದಲು ಗಮನಿಸತಕ್ಕದ್ದು.

10. ಭಾರತದಲ್ಲಿ

ಆಂಧ್ರಪ್ರದೇಶದ ಕಾಕಿನಾಡ ಕರಾವಳಿಯಾಚೆಯ ಕೃಷ್ಣಾ-ಗೋದಾವರಿ ಜಲಾನಯನದ ಆಳ ಸಮುದ್ರದಲ್ಲಿರುವ ಡಿ-6 ವಿಭಾಗದಲ್ಲಿ ರಿಲಯನ್ಸ್ ಮತ್ತು ಬಿಪಿ ಸಂಸ್ಥೆಗಳು ಮೂರು ಯೋಜನೆಗಳನ್ನು ಕೈಗೊಂಡವು. ಆರ್ ಕ್ಲಸ್ಟರ್ 2020ರ ಡಿಸೆಂಬರ್‌ನಲ್ಲಿಯೂ, ಸ್ಯಾಟಲೈಟ್ ಕ್ಲಸ್ಟರ್ 2021ರ ಏಪ್ರಿಲ್‌ನಲ್ಲಿಯೂ, ಎಂಜೆ 2023ರ ಜೂನ್‌ನಲ್ಲಿಯೂ ಉತ್ಪಾದನೆ ಆರಂಭಿಸಿದವು. ಇವುಗಳಲ್ಲಿ ಎಂಜೆ ಅಧಿಕ ಒತ್ತಡ ಹಾಗೂ ಅಧಿಕ ಉಷ್ಣತೆಯ ಅನಿಲ-ಕಂಡೆನ್ಸೇಟ್ ನಿಕ್ಷೇಪ. ರೂಬಿ ಎಂಬ ತೇಲುವ ಸಂಸ್ಕರಣಾ ನೌಕೆಯ ಮೂಲಕ ಇದರ ಅನಿಲ ಮತ್ತು ಕಂಡೆನ್ಸೇಟ್‌ಗಳನ್ನು ಬೇರ್ಪಡಿಸಲಾಗುತ್ತದೆ.

ಕಾಕಿನಾಡದಿಂದ ಗುಜರಾತಿನ ಭರೂಚ್‌ವರೆಗೆ ಅನಿಲ ಸಾಗಿಸುವ ಪೂರ್ವ-ಪಶ್ಚಿಮ ಕೊಳವೆ ಮಾರ್ಗವು ಕರ್ನಾಟಕದ ಮೂಲಕವೂ ಹಾದುಹೋಗುತ್ತದೆ. ಇದಲ್ಲದೆ ದಾಭೋಲ್-ಬೆಂಗಳೂರು ಮಾರ್ಗ 2013ರಲ್ಲಿ ಹಾಗೂ ಕೊಚ್ಚಿ-ಮಂಗಳೂರು ಮಾರ್ಗ 2021ರಲ್ಲಿ ಕಾರ್ಯಾರಂಭ ಮಾಡಿದವು.

11. ಮಾಹಿತಿ ಪಡೆಯುವ ವಿಧಾನ

11.1 ಪ್ರಕಟಿತ ಮಾಹಿತಿ: ದೇಶದ ಅನಿಲ ಉತ್ಪಾದನೆ, ಆಮದು ಹಾಗೂ ಬಳಕೆಯ ಅಂಕಿ-ಅಂಶಗಳನ್ನು ಪೆಟ್ರೋಲಿಯಂ ಯೋಜನೆ ಮತ್ತು ವಿಶ್ಲೇಷಣಾ ಕೋಶವು ನಿಯತವಾಗಿ ಪ್ರಕಟಿಸುತ್ತದೆ. 1993ರಲ್ಲಿ ಸ್ಥಾಪಿತವಾದ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯವು ಅನ್ವೇಷಣೆ ಹಾಗೂ ಉತ್ಪಾದನೆಯ ತಾಂತ್ರಿಕ ಮೇಲ್ವಿಚಾರಣೆ ನಡೆಸುತ್ತದೆ. ಇದರ ಅಧೀನದಲ್ಲಿ ರಾಷ್ಟ್ರೀಯ ದತ್ತಾಂಶ ಭಂಡಾರವು 2017ರಿಂದ ಕಾರ್ಯನಿರ್ವಹಿಸುತ್ತಿದೆ.

11.2 ಮಾಹಿತಿ ಹಕ್ಕು ಅಧಿನಿಯಮ, 2005: ಕೇಂದ್ರ ಸರ್ಕಾರದ ಸಾರ್ವಜನಿಕ ಪ್ರಾಧಿಕಾರಕ್ಕೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ವಿನಾಯಿತಿ ಇರುತ್ತದೆ. ಮಾಹಿತಿ ಕೋರಲು ಕಾರಣ ನೀಡಬೇಕಾಗಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

11.3 ಅರ್ಜಿದಾರರ ಗಮನಕ್ಕೆ: ಪ್ರಾಧಿಕಾರದ ಬಳಿ ದಾಖಲೆಯ ರೂಪದಲ್ಲಿರುವ ಮಾಹಿತಿಯನ್ನು ಮಾತ್ರ ಕೋರಬಹುದು, ಹೊಸದಾಗಿ ಲೆಕ್ಕ ಮಾಡಿಕೊಡುವಂತೆ ಕೇಳಲಾಗದು. ವಾಣಿಜ್ಯ ಗೋಪ್ಯತೆಗೆ ಸಂಬಂಧಿಸಿದ ಮಾಹಿತಿಗೆ 8(1)(ಡಿ) ಪ್ರಕರಣದಡಿ ವಿನಾಯಿತಿ ಇದೆ. ಆದರೆ ಹೆಚ್ಚಿನ ಸಾರ್ವಜನಿಕ ಹಿತಾಸಕ್ತಿ ಇದೆಯೆಂದು ಮನದಟ್ಟಾದಲ್ಲಿ ಅದನ್ನೂ ನೀಡಲು ಅವಕಾಶವಿದೆ. ಅರ್ಜಿಯಲ್ಲಿ ನಿಕ್ಷೇಪದ ಹೆಸರು, ವರ್ಷ ಮತ್ತು ಬೇಕಾದ ದಾಖಲೆಯನ್ನು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಗೆ ಕೊಳವೆಯಲ್ಲಿ ಬರುವ ಅನಿಲದಲ್ಲಿ ಕಂಡೆನ್ಸೇಟ್ ಇರುತ್ತದೆಯೇ?
ಉತ್ತರ: ಇಲ್ಲ. ಕೊಳವೆ ಮಾರ್ಗಕ್ಕೆ ಬಿಡುವ ಮುನ್ನವೇ ದ್ರವಾಂಶವನ್ನು ಬೇರ್ಪಡಿಸಲಾಗುತ್ತದೆ. ಮನೆಗೆ ಬರುವ ಕೊಳವೆ ಅನಿಲವು ಮುಖ್ಯವಾಗಿ ಮೀಥೇನ್ ಆಗಿರುತ್ತದೆ. ಸಿಲಿಂಡರಿನ ಅಡುಗೆ ಅನಿಲವು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ.

ಪ್ರಶ್ನೆ: ಒಂದು ನಿಕ್ಷೇಪದ ಉತ್ಪಾದನೆ ಕುಸಿದರೆ ಮನೆಯ ಸಂಪರ್ಕ ಕಡಿತವಾಗುವುದೇ?
ಉತ್ತರ: ನಗರ ಅನಿಲ ಜಾಲಗಳಿಗೆ ದೇಶೀಯ ಅನಿಲದ ಜೊತೆಗೆ ಆಮದು ಅನಿಲವೂ ಪೂರೈಕೆಯಾಗುತ್ತದೆ. ಆದುದರಿಂದ ಒಂದು ನಿಕ್ಷೇಪದ ಕುಸಿತವು ಪೂರೈಕೆಯ ನಿಲುಗಡೆಗಿಂತ ಹೆಚ್ಚಾಗಿ ಆಮದಿನ ಪ್ರಮಾಣ ಹಾಗೂ ಬೆಲೆಯ ಮೇಲೆ ಪರಿಣಾಮ ಬೀರುತ್ತದೆ.

ಪ್ರಶ್ನೆ: ಉತ್ಪಾದನೆ ನಿಲ್ಲಿಸಿದರೆ ಬಾವಿಯ ಸುತ್ತಲಿನ ದ್ರವ ತಾನಾಗಿ ಮಾಯವಾಗುವುದೇ?
ಉತ್ತರ: ಒತ್ತಡ ಮೇಲೇರಿದರೂ ಸಾಮಾನ್ಯವಾಗಿ ಪೂರ್ಣವಾಗಿ ಮಾಯವಾಗುವುದಿಲ್ಲ. ಅಲ್ಲಿ ಭಾರವಾದ ಅಂಶಗಳು ಅಧಿಕವಾಗಿ ಸೇರಿರುವುದರಿಂದ ಆ ಮಿಶ್ರಣವು ಮೂಲ ಅನಿಲದಂತೆ ವರ್ತಿಸುವುದಿಲ್ಲ.

ಪ್ರಶ್ನೆ: ಮಾದರಿಯ ಅಂದಾಜು ನಂತರ ಬದಲಾದರೆ ಮೊದಲಿನ ಲೆಕ್ಕ ತಪ್ಪೆಂದು ಅರ್ಥವೇ?
ಉತ್ತರ: ಎಲ್ಲ ಸಂದರ್ಭಗಳಲ್ಲಿಯೂ ಅಲ್ಲ. ಹೊಸ ಬಾವಿ ಹಾಗೂ ಹೊಸ ಅಳತೆಗಳಿಂದ ಅಂದಾಜು ಪರಿಷ್ಕೃತಗೊಳ್ಳುವುದು ಸಹಜ. ಮೊದಲಿನ ಅಂದಾಜಿನೊಡನೆ ಅದರ ಅನಿಶ್ಚಿತತೆಯ ವ್ಯಾಪ್ತಿಯನ್ನು ತಿಳಿಸಲಾಗಿತ್ತೇ ಎಂಬುದನ್ನು ಪರಿಶೀಲಿಸಬೇಕು.

13. ಪದವಿವರಣೆ

ಇಬ್ಬನಿ ಬಿಂದು: ಅನಿಲದಿಂದ ಮೊದಲ ದ್ರವಹನಿ ಬೇರ್ಪಡುವ ಒತ್ತಡ.
ಕಂಡೆನ್ಸೇಟ್: ಅನಿಲದಿಂದ ಬೇರ್ಪಟ್ಟ ಹಗುರ ತೈಲ.
ಪಾರಗಮ್ಯತೆ: ಶಿಲೆಯ ಮೂಲಕ ಹರಿವು ಸಾಗುವ ಸರಾಗತೆ.
ಸಂಯೋಜನಾ ಮಾದರಿ: ಮಿಶ್ರಣದ ಪ್ರತಿ ಘಟಕವನ್ನೂ ಪ್ರತ್ಯೇಕವಾಗಿ ಲೆಕ್ಕಹಾಕುವ ಗಣಕ ಮಾದರಿ.
ಹಿಮ್ಮುಖ ದ್ರವೀಕರಣ: ಒತ್ತಡ ಇಳಿದಾಗ ಅನಿಲವು ದ್ರವವಾಗುವ ವಿದ್ಯಮಾನ.

ಮೇಲ್ಕಂಡ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ಕಾನೂನಿನ ಅಂಶಗಳಿಗೆ ಸಂಬಂಧಿಸಿದಂತೆ ಅಧಿನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ.